ನಿಂಗಮ್ಮ ಎಸೆಯದ ಕಲ್ಲು

ಬಸ್ಸಿನ ಗಾಜು ಒಡೆದವನು ನಾನು. ನಿಂಗಮ್ಮ ಅಲ್ಲ.

ಈ ಎರಡು ಮಾತು ಬರೆಯಲು ನನಗೆ ಹದಿನೆಂಟು ವರ್ಷ ಹಿಡಿಯಿತು. ಕೋರ್ಟಿನಲ್ಲಿ ಇದರ ಉಲ್ಟಾ ಹೇಳುವುದಕ್ಕೆ ಐದು ನಿಮಿಷವೂ ಬೇಕಾಗಿರಲಿಲ್ಲ. ಆ ಐದು ನಿಮಿಷಕ್ಕೆ ನಿಂಗಮ್ಮ ಒಂದು ತಿಂಗಳು ಜೈಲಿನಲ್ಲಿದ್ದಳು, ಶಾಲೆಯ ಅಡುಗೆ ಕೆಲಸ ಕಳೆದುಕೊಂಡಳು, ತನ್ನದಲ್ಲದ ಒಂದು ಹೆಸರು ಹೊತ್ತುಕೊಂಡಳು. ನಾನು ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ನಿದ್ದೆಯೂ ಬಂತು. ಓದುವವರು ದಯವಿಟ್ಟು ‘ಪಾಪ, ಎಷ್ಟು ನೊಂದುಕೊಂಡಿದ್ದಾನೆ’ ಅನ್ನಬೇಡಿ. ನೊಂದವರು ಬೇರೆ ಇದ್ದಾರೆ. ನನಗಿರುವುದು ಸಿಟ್ಟು — ಸಾಹುಕಾರರ ಮೇಲೆ, ಆ ಸಬ್ ಇನ್‌ಸ್ಪೆಕ್ಟರ್ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಅಂದು ಬಿಳಿ ಅಂಗಿ ತೊಟ್ಟು ಕೈಕಟ್ಟಿ ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಆ ಮನುಷ್ಯನ ಮೇಲೆ.

ನನ್ನ ಹೆಸರು ವೀರಭದ್ರಪ್ಪ. ಊರು ಹಿಂದೂಪುರ. ಆಗ ನನಗೆ ಮೂವತ್ತೊಂದು. ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗಿಬರುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಬಸ್ಸಿನ ಸಾಹುಕಾರರು ಹುಣಸೆಹಣ್ಣಿನ ಮಂಡಿಯವರು, ನನ್ನ ತಾಯಿಯ ಕಡೆಯಿಂದ ದೂರದ ನೆಂಟರು. ಮಾವ ಎಂದೇ ಕರೆಯುತ್ತಿದ್ದೆ. ಕೆಲಸ ಕೊಟ್ಟವರು ಅವರು. ಅದನ್ನು ಅವರೂ ಮರೆಯಲಿಲ್ಲ, ನನ್ನನ್ನೂ ಮರೆಯಲು ಬಿಡಲಿಲ್ಲ.

ಪಾವಗಡ ಬಿಟ್ಟು ಮತ್ತೆ ಆಂಧ್ರದ ಗಡಿ ದಾಟಿ ಕಲ್ಯಾಣದುರ್ಗದ ಕಡೆ ಹೋಗುವಾಗ ಒಂದು ಊರು ಸಿಗುತ್ತದೆ. ಬಸ್ ಸ್ಟಾಪ್ ಆ ಊರಲ್ಲಿ. ಅಲ್ಲಿಂದ ಎರಡು ಮೈಲಿ ಮುಂದೆ, ರಸ್ತೆಯ ಪಕ್ಕದಲ್ಲೇ, ಅದೇ ಊರಿಗೆ ಸೇರಿದ ಎಸ್‌ಸಿ ಕಾಲೋನಿ. ಕಾಲೋನಿಯ ಹೆಣ್ಣುಮಕ್ಕಳು ಕಲ್ಯಾಣದುರ್ಗದ ಹೈಸ್ಕೂಲಿಗೆ ಹೋಗಬೇಕು. ಹೋಗಬೇಕಾದರೆ ಎರಡು ಮೈಲಿ ಹಿಂದಕ್ಕೆ ನಡೆದು ಊರಿಗೆ ಬಂದು ಬಸ್ಸು ಹತ್ತಬೇಕು. ಹತ್ತಿದ ಮೇಲೆ ಅದೇ ಬಸ್ಸು ಅವರ ಮನೆಗಳ ಮುಂದೆಯೇ ಹಾದುಹೋಗುತ್ತಿತ್ತು! ಕಾಲೋನಿಯ ಹತ್ತಿರ ಒಂದು ನಿಮಿಷ ನಿಲ್ಲಿಸಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಮಾವ ಬೇಡ ಅಂದಿದ್ದರು.

“ಅಲ್ಲಿ ನಿಲ್ಲಿಸ್ಬೇಡ ಕಣ್ಲಾ ವೀರಭದ್ರ. ಅವ್ರು ಹತ್ತಿದ್ರೆ ನಮ್ಮೋರು ಇಳೀತಾರೆ” — ಇದೇ ಅವರ ಮಾತು. ‘ಅವರು’ ಯಾರು, ‘ನಮ್ಮವರು’ ಯಾರು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಶಿವಪೂಜೆ ಮುಗಿಸಿ ಮನೆ ಬಿಡುವವನು ನಾನು. ಬೆಳಿಗ್ಗೆ ಪೂಜೆ, ಹತ್ತು ಗಂಟೆಗೆ ಆ ಮಕ್ಕಳ ಮುಂದೆ ಸೀಟಿ ಊದಿಕೊಂಡು ಹೋಗುವುದು. ಎರಡೂ ಒಂದೇ ಬಾಯಲ್ಲಿ.

ಕಾಲೋನಿಯ ಮುಂದೆ ಒಂದು ಮೋರಿ ಇದೆ. ಅಲ್ಲಿ ಬಸ್ಸು ನಿಧಾನ ಆಗಲೇಬೇಕು. ಧೈರ್ಯದ ಹುಡುಗಿಯರು ಅಲ್ಲೇ ಓಡಿಬಂದು ಹತ್ತುತ್ತಿದ್ದರು. ಒಂದು ದಿನ ಒಂಬತ್ತನೇ ಕ್ಲಾಸಿನ ಮಂಜುಳ ಹತ್ತುತ್ತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಇನ್ನೂ ನೆಲದ ಮೇಲೆ. ನಾನು ನೋಡಿದೆ. ನೋಡಲಿಲ್ಲ ಎಂದು ಆಮೇಲೆ ಹೇಳಿಕೊಂಡು ತಿರುಗಿದೆ — ಆದರೆ ನೋಡಿದೆ. ನೋಡಿಯೇ ಎರಡು ಸಲ ಸೀಟಿ ಊದಿದೆ. ಬಸ್ಸು ಎಳೆಯಿತು. ಮಂಜುಳ ಮೋರಿಯ ಕಲ್ಲಿನ ಮೇಲೆ ಬಿದ್ದಳು. ಬಲಗೈ ಎರಡು ಕಡೆ ಮುರಿಯಿತು. ಆ ಹುಡುಗಿ ಮತ್ತೆ ಶಾಲೆಯ ಕಡೆ ಹೋಗಲಿಲ್ಲ.

ನಿಂಗಮ್ಮ ಆ ಕಾಲೋನಿಯ ಪ್ರೈಮರಿ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಸರ್ಕಾರ ಮಧ್ಯಾಹ್ನದ ಊಟ ಶುರುಮಾಡಿ ಒಂದೆರಡು ವರ್ಷ ಆಗಿತ್ತು. ನಲವತ್ತರ ಹತ್ತಿರದ ಹೆಂಗಸು, ಗಂಡ ಇರಲಿಲ್ಲ, ಕೂಲಿ ಹೆಂಗಸರ ಸಂಘದಲ್ಲಿ ಓಡಾಡುತ್ತಿದ್ದಳು. ಮಂಜುಳ ಆಕೆಗೆ ಮಗಳೂ ಅಲ್ಲ, ನೆಂಟರ ಪೈಕಿಯೂ ಅಲ್ಲ. ಪಕ್ಕದ ಮನೆಯವಳು, ಅಷ್ಟೆ. ಆದರೂ ತಾಲ್ಲೂಕು ಆಫೀಸಿನಂಥ ಮಂಡಲದ ಆಫೀಸಿಗೆ ಅರ್ಜಿ ಕೊಟ್ಟವಳು ಆಕೆ. ಒಂದಲ್ಲ, ಮೂರು ಅರ್ಜಿ. ಉತ್ತರ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹನ್ನೆರಡು ಮಂದಿ ಹೆಂಗಸರು ಮೋರಿಯ ಹತ್ತಿರ ರಸ್ತೆಯ ಮೇಲೆ ಕೂತುಬಿಟ್ಟರು. ‘ಇಲ್ಲಿ ಬಸ್ಸು ನಿಲ್ಲಬೇಕು’ ಎಂದು ಹಳೇ ಸೀರೆಯ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಬರೆಸಿ ಹಿಡಿದುಕೊಂಡಿದ್ದರು.

ನಮ್ಮ ಬಸ್ಸು ನಿಂತಿತು. ಬೇರೆ ದಾರಿ ಇರಲಿಲ್ಲ. ನಿಂಗಮ್ಮ ಎದ್ದು ಬಾಗಿಲ ಹತ್ತಿರ ಬಂದಳು. ಕಿರುಚಲಿಲ್ಲ, ಬೈಯಲಿಲ್ಲ.

“ಮಂಜುಳನ ಕೈ ಮುರ್ದೋನು ನೀನೇ ಅಲ್ವೇನಪ್ಪ ಕಂಡಕ್ಟ್ರಪ್ಪ? ಕೆಳಕ್ಕೆ ಇಳಿದು ಬಾ. ಆ ಮಗೀನ ಮುಖ ನೋಡಿ ಒಂದ್ ಮಾತಾಡ್ಬುಟ್ಟು ಹೋಗು. ದಾರಿ ಬಿಡ್ತೀವಿ.”

ಬಸ್ಸಿನ ತುಂಬ ಜನ. ಎಲ್ಲರೂ ನನ್ನ ಕಡೆ ತಿರುಗಿದರು. ಕೇಳಿದ್ದು ಏನು ದೊಡ್ಡದು? ಇಳಿದು ಹೋಗಿ ಒಂದು ಮಾತು. ನಾನು ಇಳಿಯಲಿಲ್ಲ. ಅಂಥವಳು ನನ್ನನ್ನು ಇಷ್ಟು ಜನರೆದುರು ಕೇಳುವುದೇ... ಆ ವಾಕ್ಯವನ್ನು ಅಂದು ಮನಸ್ಸಿನಲ್ಲಿ ಪೂರ್ತಿ ಮಾಡಿದ್ದೆ. ಇಲ್ಲಿ ಮಾಡುವುದಿಲ್ಲ.

ಮೂರು ಗಂಟೆ ಕೂತಿದ್ದರು. ಪೊಲೀಸ್ ಜೀಪು ಬಂತು. ಹೆಂಗಸರನ್ನು ಎಬ್ಬಿಸಿ ವ್ಯಾನಿಗೆ ತುಂಬಿದರು. ಒಬ್ಬರೂ ಕಲ್ಲು ಮುಟ್ಟಲಿಲ್ಲ, ಒಬ್ಬರೂ ಕೈ ಎತ್ತಲಿಲ್ಲ. ನಮ್ಮ ಬಸ್ಸನ್ನೂ ಸ್ಟೇಷನ್ನಿಗೆ ತರಲು ಹೇಳಿದರು. ಹಿಂದಿನ ಅಂಗಳದಲ್ಲಿ ನಿಲ್ಲಿಸಿದೆವು. ಸಬ್ ಇನ್‌ಸ್ಪೆಕ್ಟರ್ ಬಂದು ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಗಾಜಿನ ಮೇಲೆ ಬೆರಳಿಂದ ಬಡಿದ.

“ಅದ್ದಂ ಪಗಲಲೇದಾ?” ಅಂದ. ಗಾಜು ಒಡೆಯಲಿಲ್ಲವಾ?

ಇಲ್ಲ ಸಾರ್ ಅಂದೆ. ಆತನಿಗೆ ಬೇಸರವಾಯಿತು. ಬರೀ ರಸ್ತೆಯಲ್ಲಿ ಕೂತದ್ದಕ್ಕೆ ಏನಾಗುತ್ತದೆ, ಇವತ್ತು ಬಿಟ್ಟರೆ ನಾಳೆ ಮತ್ತೆ ಕೂರುತ್ತಾರೆ, ಗಾಜು ಹೋಗಿದ್ದರೆ ಕೇಸು ನಿಲ್ಲುತ್ತದೆ — ಹೀಗೆ ತೆಲುಗಿನಲ್ಲಿ ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳಿದ. ಆಮೇಲೆ ಸ್ಟೇಷನ್ ಫೋನಿನಿಂದ ಮಾವನಿಗೆ ಮಾತಾಡಿ ನನ್ನ ಕೈಗೆ ಕೊಟ್ಟ. “ಅವ್ರು ಹೇಳ್ದಂಗೆ ಮಾಡು. ಗಾಜು ಹೋದ್ರೆ ಹೋಗ್ಲಿ, ಮಾನ ಹೋಗ್ಬಾರ್ದು,” ಅಂದರು ಮಾವ. ಯಾರ ಮಾನವೋ!

ಡ್ರೈವರ್ ಬಾಷಣ್ಣನಿಗೆ ಮೊದಲು ಹೇಳಿದರು. ಆತ ತಲೆ ಅಲ್ಲಾಡಿಸಿದ. “ನನ್ ಗಾಡಿ ಗಾಜು ನಾನ್ ಒಡಿಯಲ್ಲ. ಸುಳ್ಳು ಸಾಕ್ಷಿಗೂ ನಾ ಬರಲ್ಲ,” ಅಂದು ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು ಆಚೆ ಟೀ ಅಂಗಡಿಗೆ ಹೋಗಿಬಿಟ್ಟ. ಯಾರೂ ಆತನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಒಂದು ತಿಂಗಳ ಮೇಲೆ ಕೆಲಸ ಬಿಟ್ಟು ಲಾರಿ ಓಡಿಸಲು ಹೋದ. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ — ಒಲ್ಲೆ ಅನ್ನಲು ಆಗುತ್ತಿತ್ತು. ನನ್ನ ಕಣ್ಣೆದುರೇ ಒಬ್ಬ ಅಂದು ತೋರಿಸಿದ್ದ. ಹೆದರಿ ಮಾಡಿದೆ, ಬಲವಂತಕ್ಕೆ ಮಾಡಿದೆ ಎಂದು ನಾನು ಹೇಳಿದರೆ ಅದು ಇನ್ನೊಂದು ಸುಳ್ಳು.

ಅಂಗಳದಲ್ಲೇ ಒಂದು ಕಲ್ಲು ಆರಿಸಿದೆ. ಮೊದಲನೆಯದು ತಾಗಿ ಪುಟಿದು ಬಂತು. ಎರಡನೆಯದಕ್ಕೆ ಗಾಜು ಜೇಡರಬಲೆಯಂತೆ ಬಿರುಕುಬಿಟ್ಟಿತು. ಸಬ್ ಇನ್‌ಸ್ಪೆಕ್ಟರ್ ನಕ್ಕ. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಆದರೆ ನಾನು ಒಪ್ಪಿಕೊಳ್ಳಬೇಕಾದದ್ದು ಅದೂ ಅಲ್ಲ. ಅದಕ್ಕಿಂತ ಕೆಳಗಿನದು ಒಂದಿದೆ.

ಒಳಗೆ ಕೂತು ದೂರು ಬರೆಯುವಾಗ ಸ್ಟೇಷನ್ನಿನ ರೈಟರ್ ಪೇದೆ ಪೆನ್ನು ಹಿಡಿದು ಕೇಳಿದ — ಕಲ್ಲು ಎಸೆದದ್ದು ಯಾರು ಅಂತ ಬರೆಯಲಿ? ಸಬ್ ಇನ್‌ಸ್ಪೆಕ್ಟರ್ ಭುಜ ಕುಣಿಸಿದ. ಆತನಿಗೆ ಯಾರಾದರೂ ಆಗುತ್ತಿತ್ತು. ‘ಗುಂಪಿನಲ್ಲಿ ಯಾರೋ’ ಎಂದು ಬರೆಯಿಸಿದ್ದರೂ ಆಗುತ್ತಿತ್ತು. ಯಾರೂ ನನಗೆ ಹೆಸರು ಹೇಳಿಕೊಡಲಿಲ್ಲ. ನಾನೇ, ನನ್ನಷ್ಟಕ್ಕೆ ನಾನೇ, ಬಾಯಿಬಿಟ್ಟು ಹೇಳಿದೆ:

“ನಿಂಗಮ್ಮ.”

ಬೆಳಿಗ್ಗೆ ಜನರೆದುರು ನನ್ನನ್ನು ಕೇಳಿದ್ದಳಲ್ಲ. ಅದಕ್ಕೆ.

ಒಂದೂವರೆ ವರ್ಷದ ಮೇಲೆ ಕಲ್ಯಾಣದುರ್ಗದ ಕೋರ್ಟಿನಲ್ಲಿ ಕೇಸು ಬಂತು. ಹನ್ನೆರಡೂ ಮಂದಿಯನ್ನು ಸಾಲಾಗಿ ನಿಲ್ಲಿಸಿದ್ದರು. ರಸ್ತೆ ತಡೆದದ್ದು ಎಲ್ಲರ ಮೇಲೆ. ಗಾಜು ಒಡೆದದ್ದು ನಿಂಗಮ್ಮನ ಮೇಲೆ. ಮ್ಯಾಜಿಸ್ಟ್ರೇಟ್ ಮೇಡಂ ಚಿಕ್ಕ ವಯಸ್ಸಿನವರು, ಜೋರು ಮಾಡುವವರಲ್ಲ. ಒಪ್ಪಿಕೊಂಡುಬಿಡಿ, ಸಣ್ಣ ದಂಡ ಹಾಕಿ ಸಾಯಂಕಾಲ ಮನೆಗೆ ಕಳಿಸುತ್ತಾರೆ ಎಂದು ವಕೀಲರು ಎಲ್ಲರಿಗೂ ಹೇಳಿಕೊಟ್ಟಿದ್ದರು. ಹನ್ನೊಂದು ಮಂದಿ ಹಾಗೇ ಒಪ್ಪಿಕೊಂಡು, ಕೋರ್ಟು ಏಳುವತನಕ ಹಿಂದೆ ಬೆಂಚಿನ ಮೇಲೆ ಕೂತರು. ಅದೇ ಅವರ ಶಿಕ್ಷೆ.

“ಒಪ್ಪುಕುಂಟಾವಾ ಅಮ್ಮಾ?” ಒಪ್ಪಿಕೊಳ್ಳುತ್ತೀಯಾ ಎಂದು ಮೇಡಂ ನಿಂಗಮ್ಮನನ್ನೂ ಕೇಳಿದರು.

“ಕೂತಿದ್ದು ದಿಟ ತಾಯಿ. ಅದನ್ನ ಬರ್ಕಳಿ. ಇನ್ನೊಂದ್ ಸಲ ಬೇಕಾದ್ರೂ ಕೂತ್ಕತೀನಿ. ಕಲ್ಲು ಮಾತ್ರ ಸುಳ್ಳು. ಅದನ್ನ ನಾನ್ ಒಪ್ಪಲ್ಲ.”

ಎರಡನ್ನೂ ಒಪ್ಪಿಕೋ, ಸುಮ್ಮನೆ ಯಾಕೆ ಎಂದು ವಕೀಲರು ಪಿಸುಗುಟ್ಟಿದರು. ಆಕೆ ಆ ಕಡೆ ತಿರುಗಲೂ ಇಲ್ಲ. ಹಾಗಾಗಿ ಗಾಜಿನ ವಿಚಾರಣೆ ಬೇರೆಯಾಗಿ ನಡೆಯಿತು. ಇನ್ನೊಂದು ತಾರೀಖಿಗೆ ನನ್ನನ್ನು ಕರೆದರು.

ಹೇಳಬೇಕಾದದ್ದನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿಸಿದ್ದರು. “ಈಮೇ ಮೇಡಂ. ನಾ ಕಳ್ಳತೋ ಚೂಶಾನು.” ಈಕೆಯೇ, ನನ್ನ ಕಣ್ಣಾರೆ ಕಂಡೆ. ಎಷ್ಟು ಸಲೀಸಾಗಿ ಬಂತು! ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ನಮಗೆ. ಕೋರ್ಟಿನ ತೆಲುಗು ನನಗೆ ಅಂಗಿಯ ಮೇಲೆ ಹಾಕಿಕೊಂಡ ಕೋಟಿನ ಹಾಗಿತ್ತು. ಅದರೊಳಗೆ ನಾನಿರಲೇ ಇಲ್ಲ. ಆಕೆಯ ವಕೀಲರು ಒಂದೆರಡು ಪ್ರಶ್ನೆ ಕೇಳಿ ಕೂತರು. ಆಗ ನಿಂಗಮ್ಮ ಕಟಕಟೆ ಹಿಡಿದುಕೊಂಡು ನನ್ನನ್ನೇ ನೋಡಿ ಹೇಳಿದಳು —

“ಕಂಡಕ್ಟ್ರಪ್ಪ, ಅದೇ ಮಾತನ್ನ ಕನ್ನಡದಾಗೆ ಹೇಳು. ನನ್ ಕಡೆ ನೋಡ್ಕಂಡು, ನಮ್ ಮಾತ್ನಾಗೆ, ಒಂದ್ಸಲ ಹೇಳ್ಬುಡು. ಸಾಕು, ಜೈಲಿಗೆ ಹೋಯ್ತೀನಿ.”

ಹೇಳಲಾಗುತ್ತಿರಲಿಲ್ಲ. ಇವತ್ತಿಗೂ ಖಾತ್ರಿಯಾಗಿ ಹೇಳುತ್ತೇನೆ, ಕನ್ನಡದಲ್ಲಿ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಇನ್ನೊಂದು ಗಳಿಗೆ ಎಲ್ಲರೂ ಸುಮ್ಮನಿದ್ದಿದ್ದರೆ... ಆದರೆ ಸಾಕ್ಷಿಯ ಜೊತೆ ನೇರವಾಗಿ ಮಾತಾಡಬಾರದು ಎಂದು ಮೇಡಂ ಆಕೆಯನ್ನು ತಡೆದರು. ಹೇಳಿಕೆ ಆಗಲೇ ದಾಖಲಾಗಿದೆ, ಮತ್ತೆ ಹೇಳುವ ಅಗತ್ಯ ಇಲ್ಲ ಎಂದರು. ನಾನು ಬಚಾವಾದೆ. ಬೇಗ ಬೇಗ ಮೆಟ್ಟಿಲಿಳಿದು ಆಚೆ ಬಂದು ಒಂದು ಸೋಡಾ ಕುಡಿದೆ.

ತೀರ್ಪು: ಒಂದು ತಿಂಗಳು ಸಾದಾ ಸಜೆ. ಅಪೀಲಿಗೆ ಹೋಗೋಣ ಎಂದು ಸಂಘದವರು ಅಂದರಂತೆ. “ಇನ್ನೂ ಎಷ್ಟ್ ಜನದ ಮುಂದೆ ನಾನ್ ಎಸೀಲಿಲ್ಲ ಅಂತ ಹೇಳ್ಕಂಡು ತಿರುಗ್ಲಿ” ಅಂದಳಂತೆ ನಿಂಗಮ್ಮ. ಶಿಕ್ಷೆಯಾದವಳು ಶಾಲೆಯಲ್ಲಿ ಅಡುಗೆ ಮಾಡಬಾರದು ಎಂದು ಕೆಲಸದಿಂದ ತೆಗೆದರು. ಮಾವ ನನ್ನನ್ನು ಮನೆಗೆ ಕರೆಸಿ, ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿ, “ಇವನು ಮನೆಮಗ” ಎಂದು ಎಲ್ಲರಿಗೂ ಹೇಳಿ ಹೋಳಿಗೆ ಬಡಿಸಿದರು. ನನಗೆ ಖುಷಿಯಾಯಿತು. ಹೌದು, ಖುಷಿ. ಬೇರೆ ಪದ ಇಲ್ಲ.

ಸಜೆ ಮುಗಿಸಿ ಬಂದ ದಿನ ಆಕೆ ಕಲ್ಯಾಣದುರ್ಗದಲ್ಲಿ ನನ್ನ ಬಸ್ಸನ್ನೇ ಹತ್ತಿದಳು. ಬೇರೆ ಬಸ್ಸು ಇರಲಿಲ್ಲವೋ, ಬೇಕೆಂದೇ ಹತ್ತಿದಳೋ ಗೊತ್ತಿಲ್ಲ. ಕೈಯಲ್ಲೊಂದು ಬಟ್ಟೆಚೀಲ. ಮುಖ ಬಾಡಿತ್ತು. ನಾನು ಟಿಕೆಟ್ಟು ಹರಿಯದೆ ಮುಂದೆ ಹೋಗಲು ನೋಡಿದೆ.

“ಟಿಕೆಟ್ ಕೊಡಪ್ಪ,” ಅಂದಳು. “ಬಿಟ್ಟಿ ಬರೋಳಲ್ಲ ನಾನು.”

ಕೊಟ್ಟೆ. ಕಾಲೋನಿಯ ಮೋರಿ ಬಂತು. ನಾನು ಸೀಟಿ ಊದಿದೆ. ನಿಲ್ಲಿಸುವ ಸೀಟಿ. ನಾನು ಅಲ್ಲಿ ಬಸ್ಸು ನಿಲ್ಲಿಸಿದ್ದು ಅದೇ ಮೊದಲು. ಹೊಸ ಡ್ರೈವರ್ ಹಿಂತಿರುಗಿ ನೋಡಿದ. ನಿಂಗಮ್ಮ ಸೀಟಿನಿಂದ ಏಳಲಿಲ್ಲ.

“ನಿಮ್ಮ ಮನೆ ಬಂತಲ್ಲಮ್ಮ,” ಅಂದೆ. ಆಕೆಗೆ ಬಹುವಚನದಲ್ಲಿ ಮಾತಾಡಿದ್ದೂ ಅದೇ ಮೊದಲು.

“ಇಲ್ಲಿ ಸ್ಟಾಪ್ ಇಲ್ಲ. ಇದ್ದಿದ್ರೆ ನಾವ್ಯಾಕೆ ರೋಡ್ನಾಗೆ ಕೂರ್ತಿದ್ವಿ? ನನ್ ಒಬ್ಬಳಿಗೇಂತ ನಿಲ್ಲಿಸ್ಬೇಡ. ಮಕ್ಕಳಿಗೆ ನಿಲ್ಲಿಸು. ಇಲ್ದಿದ್ರೆ ಬಿಡು ಮುಂದಕ್ಕೆ.”

ಬಸ್ಸು ಮುಂದಕ್ಕೆ ಹೋಯಿತು. ಆಕೆ ಊರಿನ ಸ್ಟಾಪಿನಲ್ಲಿ ಇಳಿದು, ಚೀಲ ತಲೆಯ ಮೇಲಿಟ್ಟುಕೊಂಡು, ಎರಡು ಮೈಲಿ ಹಿಂದಕ್ಕೆ ನಡೆದಳು. ಮಧ್ಯಾಹ್ನದ ಬಿಸಿಲು. ನಾನು ಹಿಂದಿನ ಬಾಗಿಲಲ್ಲಿ ನಿಂತು ನೋಡಿದೆ. ಮಾರನೆಯ ದಿನದಿಂದ ಮಕ್ಕಳಿಗೆ ನಿಲ್ಲಿಸಿದೆನೇ? ಇಲ್ಲ. ಅದನ್ನೂ ಬರೆದಿಡುತ್ತೇನೆ. ನಿಲ್ಲಿಸಲಿಲ್ಲ. ಮಾವ ಬೈಯುತ್ತಾರೆ ಎಂದು ಇನ್ನೂ ಎರಡು ವರ್ಷ ಹಾಗೇ ಹೋದೆ. ಆಮೇಲೆ ಸರ್ಕಾರಿ ಬಸ್ಸು ಬಂತು. ಅದು ಕಾಲೋನಿಯ ಹತ್ತಿರ ನಿಂತಿತು.

ಮಾವ ತೀರಿಕೊಂಡರು, ಬಸ್ಸು ಮಾರಿದರು. ನಾನು ಹಿಂದೂಪುರದಲ್ಲಿ ಒಂದು ಚಿಕ್ಕ ಪಾತ್ರೆ ಅಂಗಡಿ ಇಟ್ಟುಕೊಂಡೆ. ಕಳೆದ ವರ್ಷ ಬಾಷಣ್ಣ ಅಂಗಡಿಗೆ ಬಂದಿದ್ದ. ಮುದುಕನಾಗಿದ್ದಾನೆ. ಮಾತಿನ ನಡುವೆ, “ಆ ಅಮ್ಮನ ಕಾಲೋನಿಗೆ ಹೋಗಿದ್ಯಾ ಯಾವತ್ತಾದ್ರೂ?” ಅಂದ. ಇಲ್ಲ ಅಂದೆ. ಬಾಷಣ್ಣ ನನ್ನ ಮುಖ ನೋಡಿದ, ಟೀ ಲೋಟ ಪೂರ್ತಿ ಕುಡಿಯದೆ ಕೆಳಗಿಟ್ಟ, ಎದ್ದು ಹೋದ. ಅಷ್ಟೇ. ಆ ವಾರವೇ ನಾನು ಹೊರಟೆ.

ಕಾಲೋನಿಯಲ್ಲಿ ಇಳಿದು ನಿಂಗಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಒಬ್ಬ ಹೆಣ್ಣುಮಗಳು, “ಯಾವ ನಿಂಗಮ್ಮ, ಕಲ್ಲು ನಿಂಗಮ್ಮನಾ?” ಅಂದಳು. ನಾನು ಅಲ್ಲೇ ನಿಂತುಬಿಟ್ಟೆ. ಹಾಗಂದವಳಿಗೆ ಅದು ಬೈಗುಳ ಅಲ್ಲ, ಹೆಮ್ಮೆ. ಸಾಹುಕಾರನ ಬಸ್ಸಿಗೆ ಕಲ್ಲು ಬೀಸಿದ ಗಟ್ಟಿಗಿತ್ತಿ ಎಂದು, ಅಂದು ಜೊತೆಗೆ ಕೂತಿದ್ದವರನ್ನು ಬಿಟ್ಟರೆ, ಕಾಲೋನಿಯವರೇ ನಂಬಿದ್ದಾರೆ. ಆಮೇಲೆ ಹುಟ್ಟಿದ ಮಕ್ಕಳೆಲ್ಲ ಅದನ್ನೇ ಕೇಳಿಕೊಂಡು ಬೆಳೆದಿದ್ದಾರೆ. ನಾನು ಆಡಿದ ಸುಳ್ಳು ಆಕೆಯ ಹೆಸರಿಗೆ ಅಂಟಿಕೊಂಡು ಕೂತಿತ್ತು.

ನಿಂಗಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗುರುತು ಹಿಡಿದಳು. ಕೂರು ಅನ್ನಲಿಲ್ಲ. ನಾನು ನಿಂತೇ ಹೇಳಿದೆ. ಅಂಗಳ, ಕಲ್ಲು, ಫೋನು, ಎಲ್ಲ. ಆಕೆ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಒಂದೇ ಕೇಳಿದಳು.

“ನನ್ ಹೆಸ್ರು ಯಾರು ಹೇಳಿದ್ದು? ಪೊಲೀಸ್ನೋನಾ, ನಿಮ್ ಸಾಹುಕಾರನಾ?”

ಇಬ್ಬರಲ್ಲಿ ಒಬ್ಬರ ಹೆಸರು ಹೇಳಬಹುದಿತ್ತು. ಮಾವ ಸತ್ತಿದ್ದರು, ಸುಲಭವಿತ್ತು.

“ನಾನೇ ಹೇಳಿದ್ದು. ಯಾರೂ ಹೇಳಿಕೊಟ್ಟಿರಲಿಲ್ಲ.”

ಆಗ ಆಕೆಯ ಕೈ ನಿಂತಿತು. ಅಷ್ಟು ವರ್ಷ ಪೊಲೀಸರನ್ನೋ ಸಾಹುಕಾರನನ್ನೋ ಬೈದುಕೊಂಡಿದ್ದಳೇನೋ. ನನ್ನನ್ನು ಬರೀ ಕೂಲಿಯಾಳು ಎಂದುಕೊಂಡಿದ್ದಳೇನೋ. ಮೊರ ಪಕ್ಕಕ್ಕಿಟ್ಟು ಎದ್ದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಇದನ್ನ ನನಗ್ಯಾಕೆ ಹೇಳಕ್ಕೆ ಬಂದ್ಯಪ್ಪ? ನಾನ್ ಎಸೀಲಿಲ್ಲ ಅಂತ ನನಗ್ ಗೊತ್ತಿಲ್ವಾ? ಜೈಲಿಂದ ಬಂದ ದಿನದಿಂದ ಹೇಳ್ತಾನೇ ಇವ್ನಿ, ನಮ್ಮೋರೂ ನಗ್ತಾರೆ, ‘ಇರ್ಲಿ ಬಿಡಕ್ಕ, ಒಳ್ಳೇದೇ ಮಾಡ್ದೆ’ ಅಂತಾರೆ. ಒಂದ್ ಮಗೀಗೋಸ್ಕರ ಸುಮ್ನೆ ನೆಲದ್ ಮ್ಯಾಲೆ ಕೂತೆ ಕಣಪ್ಪ ನಾನು. ಅಷ್ಟಕ್ಕೇ ಜೈಲಿಗೆ ಹಾಕಿದ್ರು ಅಂದ್ರೆ ಯಾರೂ ನಂಬಲ್ಲ. ಗೊತ್ತಿರೋಳ ಮುಂದೆ ಹೇಳಿ ಹಗುರಾಗಬೇಕು ಅಂತ ಬಂದ್ಬುಟ್ಟ್ಯಾ? ಹೋಗು. ಗೊತ್ತಿಲ್ದೋರಿಗೆ ಹೇಳೋಗು.”

ಬಾಗಿಲು ಹಾಕಿಕೊಂಡಳು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ ಎಂದು ಚಂದವಾಗಿ ಬರೆಯಬಹುದು. ನಿಜ ಏನೆಂದರೆ, ಕೇಳಬೇಕೆಂದೇ ಹೋಗಿದ್ದೆ, ಆಕೆ ಅವಕಾಶ ಕೊಡಲಿಲ್ಲ. ಕೊಡದೆ ಇದ್ದದ್ದೇ ಸರಿ.

ಅದಕ್ಕೇ ಗೊತ್ತಿಲ್ಲದ ನಿಮಗೆ ಇದನ್ನು ಹೇಳುತ್ತಿದ್ದೇನೆ. ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ವರ್ಷ ತಡಮಾಡಿದರೂ, ಹೋದ ವಾರ ಒಬ್ಬ ವಕೀಲರ ಹತ್ತಿರ ಹೋಗಿ, ಅಂದು ನಾನು ಹೇಳಿದ್ದು ಸುಳ್ಳು ಸಾಕ್ಷಿ ಎಂದು ಅಫಿಡವಿಟ್ ಬರೆಸಿದೆ. ವಕೀಲರು ಕನ್ನಡಕ ತೆಗೆದು, “ಸುಮ್ನಿದ್ರೆ ನಿಮಗೆ ಏನೂ ಆಗಲ್ಲ. ಇದು ಕೊಟ್ರೆ ಕೇಸು ನಿಮ್ಮ ಮೇಲೇ ತಿರುಗಬಹುದು. ಆಯಮ್ಮನ ಶಿಕ್ಷೆ ರದ್ದಾಗತ್ತೆ ಅಂತ ಗ್ಯಾರಂಟಿನೂ ಇಲ್ಲ. ಇನ್ನೊಂದ್ಸಲ ಯೋಚನೆ ಮಾಡಿ,” ಅಂದರು. ಯೋಚನೆ ಮಾಡಿಯೇ ಹದಿನೆಂಟು ವರ್ಷ ಕಳೆದದ್ದು ಅಂದೆ. ಸಹಿ ಹಾಕಿದೆ. ನನ್ನ ಹೆಂಡತಿ ಮೂರು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಮಾವನ ಮಕ್ಕಳು ಅಂಗಡಿಗೆ ಬಂದು, ಸತ್ತವರ ಮಾನ ಕಳೆಯಬೇಡ ಎಂದು ಗಲಾಟೆ ಮಾಡಿ ಹೋದರು.

ಸೋಮವಾರ ಕೋರ್ಟಿಗೆ ಹೋಗುತ್ತೇನೆ. ನಿಂಗಮ್ಮನಿಗೆ ಹೇಳಿಕಳಿಸಿದ್ದೆ. ತಾನು ಬರುವುದಿಲ್ಲ, ತನಗೆ ಕೆಲಸ ಇದೆ ಅಂದಳಂತೆ. ಬರಬೇಕಾಗಿಲ್ಲ. ಆ ಮೆಟ್ಟಿಲನ್ನು ಆಕೆ ಹತ್ತಿದ್ದೇ ಹೆಚ್ಚಾಯಿತು.